ದುಡಿದ 20 ಲಕ್ಷಕ್ಕೆ ತೆರಿಗೆ ಇದೆ, ಬಂದ 20 ಕೋಟಿಗೆ ಯಾಕಿಲ್ಲ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತು ಪೀಠಿಕೆ ಬೇಡ, ಸೀದಾ ಲೆಕ್ಕದಿಂದ ಶುರು ಮಾಡೋಣ.

ಇಬ್ಬರು ಹುಡುಗರು ಅಂದ್ಕೊಳ್ಳಿ. ಇಬ್ಬರೂ ದಾವಣಗೆರೆಯವರು, ಇಬ್ಬರಿಗೂ 28 ವರ್ಷ. ಒಬ್ಬನಿಗೆ ಬೆಂಗಳೂರಲ್ಲಿ ಕೆಲಸ, ವರ್ಷಕ್ಕೆ 20 ಲಕ್ಷ ಸಂಬಳ. 2025–26ರ ಹೊಸ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75 ಸಾವಿರ ಕಳೆದು, ಸೆಸ್ ಸೇರಿಸಿದ್ರೆ ಅವನು ಕಟ್ಟೋ ಆದಾಯ ತೆರಿಗೆ 1,92,400 ರೂಪಾಯಿ. ಇನ್ನೊಬ್ಬನ ತಾತ ಅದೇ ವರ್ಷ ತೀರಿಕೊಂಡ್ರು. ವಿಲ್ ಪ್ರಕಾರ ಮೊಮ್ಮಗನಿಗೆ ಎರಡು ಕಮರ್ಷಿಯಲ್ ಬಿಲ್ಡಿಂಗ್, ಒಂದಿಷ್ಟು ಸೈಟು, ಷೇರು, ಬಂಗಾರ ಬಂತು. ಒಟ್ಟು ಬೆಲೆ 20 ಕೋಟಿ. ಅದು ಕೈಗೆ ಬಂದಿದ್ದಕ್ಕೆ ಅವನು ಕಟ್ಟೋ ತೆರಿಗೆ ಎಷ್ಟು? ಸೊನ್ನೆ.

ಇಷ್ಟೇ ಅಲ್ಲ. ಸ್ನೇಹಿತನೊಬ್ಬ ನಿಮಗೆ ಕಷ್ಟಕ್ಕೆ ಅಂತ 60 ಸಾವಿರ ಉಡುಗೊರೆ ಕೊಟ್ಟ ಅಂದ್ಕೊಳ್ಳಿ. ವರ್ಷದಲ್ಲಿ ಹೊರಗಿನವರಿಂದ ಬಂದ ಇಂಥ ಹಣ 50 ಸಾವಿರ ದಾಟಿದ್ರೆ ಪೂರ್ತಿ ಮೊತ್ತ ನಿಮ್ಮ ಆದಾಯಕ್ಕೆ ಸೇರುತ್ತೆ. ತಾತ 60 ಕೋಟಿ ಕೊಟ್ಟರೆ ಸೇರಲ್ಲ.

ಇದು ನ್ಯಾಯವಾ? ಹಾಗೇ, ಇದನ್ನ ಬದಲಾಯಿಸೋಕೆ ಹೋದ್ರೆ ಉಪಯೋಗ ಆಗುತ್ತಾ? ಇವು ಎರಡು ಬೇರೆ ಬೇರೆ ಪ್ರಶ್ನೆ. ನಮ್ಮಲ್ಲಿ ಚರ್ಚೆ ಕೆಡೋದು ಈ ಎರಡನ್ನೂ ಕಲಸಿಬಿಡೋದರಿಂದ. ಇವತ್ತು ಬೇರೆ ಮಾಡಿ ನೋಡೋಣ.

ಮೊದಲಿಗೆ ನನ್ನ ಸ್ವಾರ್ಥ ಏನು ಅಂತ ಹೇಳಿಬಿಡ್ತೀನಿ. ನಾನು ಬಿ.ಕಾಂ. ಓದಿದವನು, ಮೂರು ವರ್ಷ ಆಡಿಟರ್ ಆಫೀಸಿನಲ್ಲಿ ಬೇರೆಯವರ ರಿಟರ್ನ್ ತುಂಬಿದವನು. ನನಗೆ ಮುಂದೆ ಬರೋದು ಹರಿಹರದಲ್ಲಿರೋ ಒಂದು 30-40 ಮನೆಯಲ್ಲಿ ಅರ್ಧ. ಉಳಿದರ್ಧ ನಮ್ಮ ಅಕ್ಕನದು. ಇವತ್ತು ನಾನು ಹೇಳೋ ತೆರಿಗೆ ಬಂದ್ರೂ ನಮ್ಮಿಬ್ಬರಿಗೆ ಅದು ತಟ್ಟಲ್ಲ. ಅದನ್ನ ತಲೆಯಲ್ಲಿಟ್ಟುಕೊಂಡೇ ಕೇಳಿ.

ಈಗ ಒಂದು ಗೊಂದಲ ಬಿಡಿಸೋಣ. ಎಷ್ಟೋ ಜನ ಕೇಳ್ತಾರೆ, ‘ಬ್ರೋ, ಈಗಾಗಲೇ ಕಂದಾಯ ಕಟ್ತಿದೀವಲ್ಲ, ಅದೇ ಆಸ್ತಿ ತೆರಿಗೆ ಅಲ್ವಾ?’ ಅಂತ. ಪಾಲಿಕೆಗೋ ನಗರಸಭೆಗೋ ಕಟ್ಟೋ ಮನೆಗಂದಾಯ ಬೇರೆ. ಅದು ರಸ್ತೆ, ಚರಂಡಿ, ಬೀದಿದೀಪಕ್ಕೆ. ಸಂಪತ್ತು ತೆರಿಗೆ ಅಂದ್ರೆ ನಿಮ್ಮ ಒಟ್ಟು ಆಸ್ತಿಯಲ್ಲಿ ಸಾಲ ಕಳೆದು ಉಳಿದದ್ದರ ಮೇಲೆ ಪ್ರತಿ ವರ್ಷ ಹಾಕೋದು. ಪಿತ್ರಾರ್ಜಿತದ ಮೇಲಿನ ತೆರಿಗೆ ಅಂದ್ರೆ ಒಬ್ಬರು ತೀರಿಕೊಂಡಾಗ ಆಸ್ತಿ ಕೈ ಬದಲಾಗುತ್ತಲ್ಲ, ಆಗ ಒಂದೇ ಸಲ ಹಾಕೋದು. ಇವೆರಡೂ ಈಗ ಭಾರತದಲ್ಲಿ ಇಲ್ಲ. ಅಪ್ಪನ ಹೆಸರಿಂದ ನಿಮ್ಮ ಹೆಸರಿಗೆ ಪೌತಿ ಖಾತೆ ಮಾಡಿಸೋವಾಗ ಅಲೆದಾಟ ಇರಬಹುದು, ತೆರಿಗೆ ಇಲ್ಲ. ಬದುಕಿರುವಾಗಲೇ ಮಗನ ಹೆಸರಿಗೆ ದಾನಪತ್ರ ಮಾಡಿದ್ರೂ ಕೆಲವೇ ಸಾವಿರದ ನಿಗದಿತ ಸ್ಟ್ಯಾಂಪ್ ಡ್ಯೂಟಿ, ಜೊತೆಗೆ ನೋಂದಣಿ ಖರ್ಚು. ಅದೇ ಮನೆಯನ್ನ ಹೊರಗಿನವರಿಂದ 50 ಲಕ್ಷಕ್ಕೆ ಕೊಂಡ್ರೆ ಶೇ 5ರ ಲೆಕ್ಕದಲ್ಲಿ ಸ್ಟ್ಯಾಂಪ್ ಡ್ಯೂಟಿಯೇ ಎರಡೂವರೆ ಲಕ್ಷ, ಅದರ ಮೇಲೆ ಸೆಸ್, ನೋಂದಣಿ ಶುಲ್ಕ. ಅಂದ್ರೆ ದುಡಿದು ಕೊಂಡವನಿಗೆ ಬಾಗಿಲಲ್ಲೇ ಟೋಲ್, ಬಳುವಳಿಯಾಗಿ ಪಡೆದವನಿಗೆ ಹೆಚ್ಚುಕಡಿಮೆ ಪುಕ್ಕಟೆ.

ಹಾಗಂತ ಪೂರ್ತಿ ಪುಕ್ಕಟೆಯೂ ಅಲ್ಲ. ತಾತನ ಸೈಟನ್ನ ಮುಂದೆ ಮಾರಿದ್ರೆ ಬಂಡವಾಳ ಲಾಭದ ತೆರಿಗೆ ಬರುತ್ತೆ. ತಾತ ಕೊಂಡ ಕಾಲದ ಬೆಲೆಯಿಂದ, 2001ಕ್ಕಿಂತ ಹಳೆಯದಾದ್ರೆ 2001ರ ಏಪ್ರಿಲ್ 1ರ ಬೆಲೆಯಿಂದ ಲಾಭ ಲೆಕ್ಕ ಹಾಕಬಹುದು. ಆಗ ಎರಡು ಲಕ್ಷ ಇದ್ದ ಸೈಟು ಈಗ 60 ಲಕ್ಷಕ್ಕೆ ಹೋದ್ರೆ, ಲಾಭ 58 ಲಕ್ಷ, ಶೇ 12.5ರಂತೆ ತೆರಿಗೆ ಏಳೂಕಾಲು ಲಕ್ಷ. ಆದ್ರೆ ಇದು ಮಾರಿದ್ರೆ ಮಾತ್ರ. ಮಾರದೆ ಬಾಡಿಗೆ ತಿಂತಾ ಕೂತು, ಮಗನಿಗೆ ಬಿಟ್ಟು ಹೋದ್ರೆ, ಆ ಮಗ ಅವನ ಮಗನಿಗೆ ಬಿಟ್ಟರೆ, ಬಾಡಿಗೆಯ ಮೇಲೆ ತೆರಿಗೆ ಬೀಳುತ್ತೆ, ಬೆಲೆ ಏರಿದ್ದಕ್ಕೆ ಬೀಳೋದೇ ಇಲ್ಲ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಅಂತ ನಮ್ಮ ಹಿರಿಯರು ಹೇಳ್ತಿದ್ರು. ಈಗಿನ ಕುಡಿಕೆ ಹಾಗಿಲ್ಲ ನೋಡಿ. ಅಶೋಕ ರಸ್ತೆಯಲ್ಲೋ ಪಿ.ಜೆ. ಬಡಾವಣೆಯಲ್ಲೋ ಒಂದು ಕಟ್ಟಡ ಇದ್ರೆ, ಕೂತು ಉಂಡಷ್ಟೂ ಕುಡಿಕೆ ತಾನೇ ತುಂಬ್ತಾ ಹೋಗುತ್ತೆ.

ಈಗ ಸ್ವಲ್ಪ ಇತಿಹಾಸ. ಯಾಕಂದ್ರೆ ‘ಇದೆಲ್ಲ ಫಾರಿನ್ ಐಡಿಯಾ’ ಅನ್ನೋರಿಗೆ ಗೊತ್ತಿರಲ್ಲ, ನಮ್ಮಲ್ಲೇ ಇದು ಮೂವತ್ತೊಂದು ವರ್ಷ ಇತ್ತು. ಎಸ್ಟೇಟ್ ಡ್ಯೂಟಿ ಅಂತ ಹೆಸರು. 1953ರ ಅಕ್ಟೋಬರ್ 15ರಿಂದ ಜಾರಿ. 1956ರಲ್ಲಿ ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡೋರ್ ಭಾರತದ ತೆರಿಗೆ ಪದ್ಧತಿ ಬಗ್ಗೆ ವರದಿ ಕೊಟ್ಟರು. ಅದರ ಬೆನ್ನಿಗೇ 1957ರಲ್ಲಿ ಸಂಪತ್ತು ತೆರಿಗೆ, 1958ರಲ್ಲಿ ಉಡುಗೊರೆ ತೆರಿಗೆ ಬಂದವು. ಕಾಗದದ ಮೇಲೆ ಬಲೆ ಸರಿಯಾಗಿಯೇ ಇತ್ತು. ಬದುಕಿದ್ದಾಗ ಇಟ್ಟುಕೊಂಡ್ರೆ ಒಂದು ತೆರಿಗೆ, ಕೊಟ್ಟರೆ ಒಂದು, ಸತ್ತಾಗ ಒಂದು.

ಆಮೇಲೆ ದರ ಏರಿಸ್ತಾ ಹೋದ್ರು. ಎಸ್ಟೇಟ್ ಡ್ಯೂಟಿಯ ಗರಿಷ್ಠ ದರ ಶೇ 85ರವರೆಗೆ ಹೋಯ್ತು. ನೂರರಲ್ಲಿ ಎಂಬತ್ತೈದು! ಇಷ್ಟು ದರ ಇದ್ದಾಗ ಯಾರು ನಿಜ ಹೇಳ್ತಾರೆ? ಟ್ರಸ್ಟು, ಅವಿಭಕ್ತ ಕುಟುಂಬದ ಫೈಲು, ಬೇರೆಯವರ ಹೆಸರು, ಬೆಲೆ ಕಮ್ಮಿ ತೋರಿಸೋದು. ಬುದ್ಧಿವಂತ ಆಡಿಟರ್ ಇದ್ದವರು ತಪ್ಪಿಸಿಕೊಂಡ್ರು, ಇಲ್ಲದವರು ಕೋರ್ಟು ಸುತ್ತಿದ್ರು. 1985ರ ಬಜೆಟ್‌ನಲ್ಲಿ ಹಣಕಾಸು ಸಚಿವ ವಿ.ಪಿ. ಸಿಂಗ್ ಲೆಕ್ಕ ಕೊಟ್ಟರು: ಇದರಿಂದ ಬರ್ತಿರೋದು ಸುಮಾರು 20 ಕೋಟಿ ರೂಪಾಯಿ, ವಸೂಲಿ ಖರ್ಚು ಜಾಸ್ತಿ, ಅಸಮಾನತೆಯೂ ಕಮ್ಮಿ ಆಗಿಲ್ಲ. ಆ ವರ್ಷ ಮಾರ್ಚ್ 16ರಿಂದ ಅದು ರದ್ದು. 1998ರಲ್ಲಿ ಉಡುಗೊರೆ ತೆರಿಗೆ ಹೋಯ್ತು. ಕೊನೆಗೆ 2015ರ ಬಜೆಟ್‌ನಲ್ಲಿ ಅರುಣ್ ಜೇಟ್ಲಿ ಸಂಪತ್ತು ತೆರಿಗೆಯನ್ನೂ ತೆಗೆದರು. 2013–14ರಲ್ಲಿ ಇಡೀ ದೇಶದಿಂದ ಅದರಲ್ಲಿ ಬಂದಿದ್ದು 1,008 ಕೋಟಿ. ಆ ವರ್ಷದ ನೇರ ತೆರಿಗೆ ಸಂಗ್ರಹ ಸುಮಾರು 6.38 ಲಕ್ಷ ಕೋಟಿ. ಸಾವಿರ ರೂಪಾಯಿಯಲ್ಲಿ ಒಂದೂವರೆ ರೂಪಾಯಿ ಚಿಲ್ಲರೆ. ಬದಲಿಗೆ ವರ್ಷಕ್ಕೆ ಒಂದು ಕೋಟಿಗಿಂತ ಹೆಚ್ಚು ಆದಾಯ ಇರೋರ ಸರ್‌ಚಾರ್ಜ್ ಶೇ 2ರಷ್ಟು ಏರಿಸಿದ್ರು, ಅದರಿಂದ 9,000 ಕೋಟಿ ಬರುತ್ತೆ ಅಂದ್ರು.

ಈ ಇತಿಹಾಸವನ್ನ ಜನ ಒಂದೇ ವಾಕ್ಯದಲ್ಲಿ ಮುಗಿಸ್ತಾರೆ, ‘ಮಾಡಿ ನೋಡಿದ್ವಿ, ಆಗಲಿಲ್ಲ’ ಅಂತ. ಸ್ವಲ್ಪ ತಡೀರಿ. ಆ 1,008 ಕೋಟಿ ಯಾವುದರ ಮೇಲೆ ಬಂದಿತ್ತು? 1993ರಿಂದಲೇ ಷೇರು, ಬ್ಯಾಂಕ್ ಠೇವಣಿಯನ್ನ ಸಂಪತ್ತು ತೆರಿಗೆಯಿಂದ ಹೊರಗಿಟ್ಟಿದ್ರು. ವಾಣಿಜ್ಯ ಮಳಿಗೆ ಹೊರಗೆ. ವರ್ಷದಲ್ಲಿ 300 ದಿನ ಬಾಡಿಗೆಗೆ ಕೊಟ್ಟ ಮನೆ ಹೊರಗೆ. ಕೃಷಿ ಜಮೀನು ಹೊರಗೆ. ಒಳಗೆ ಉಳಿದಿದ್ದು ಕಾರು, ಬಂಗಾರ, ನಗರದ ಖಾಲಿ ಸೈಟು, ಖಾಲಿ ಬಿಟ್ಟ ಎರಡನೇ ಮನೆ, ಇಂಥವು. ಈ ದೇಶದ ದೊಡ್ಡ ಶ್ರೀಮಂತರ ಸಂಪತ್ತು ಇರೋದು ಕಂಪನಿ ಷೇರುಗಳಲ್ಲಿ. ಅದನ್ನೇ ಬಿಟ್ಟರೆ? ತುಂಗಭದ್ರೆಗೆ ಬಲೆ ಹಾಕೋ ಮುಂಚೆ ನಡುವೆ ದೊಡ್ಡ ತೂತು ಕತ್ತರಿಸಿ, ಮೀನು ಬೀಳ್ತಿಲ್ಲ ಅಂತ ಬಲೆಯನ್ನೇ ಎಸೆದ ಹಾಗಾಯ್ತು. ನನ್ನ ಪ್ರಕಾರ ಎಸ್ಟೇಟ್ ಡ್ಯೂಟಿ ಸೋತಿದ್ದು ದರ ವಿಪರೀತ ಏರಿಸಿ, ಸಂಪತ್ತು ತೆರಿಗೆ ಸೋತಿದ್ದು ವಿನಾಯಿತಿ ವಿಪರೀತ ಕೊಟ್ಟು. ಎರಡಕ್ಕೂ ಒಂದೇ ಕಾರಣ ಕೊಡೋಕಾಗಲ್ಲ.

ಆಮೇಲೆ 2024 ಬಂತು. ನಿಮಗೆ ನೆನಪಿರುತ್ತೆ, ಲೋಕಸಭಾ ಚುನಾವಣೆ ನಡೀತಿದ್ದಾಗ ಏಪ್ರಿಲ್‌ನಲ್ಲಿ ಸ್ಯಾಮ್ ಪಿತ್ರೋಡಾ ಅಮೆರಿಕದ ಪಿತ್ರಾರ್ಜಿತ ತೆರಿಗೆ ಬಗ್ಗೆ ಮಾತಾಡಿ, ಶೇ 55ರಷ್ಟು ಸರ್ಕಾರಕ್ಕೆ ಹೋಗುತ್ತೆ ಅಂದ್ರು. ಬೆಂಕಿ ಹತ್ಕೊಳ್ತು. ನಮ್ಮ ಏರಿಯಾದ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ‘ನಿಮ್ಮ ಮನೆಯಲ್ಲಿ ಅರ್ಧ ಸರ್ಕಾರಕ್ಕೆ’ ಅಂತ ಫಾರ್ವರ್ಡ್ ಮೇಲೆ ಫಾರ್ವರ್ಡ್. ಕಾಂಗ್ರೆಸ್ ತಕ್ಷಣ ಇದು ಪಕ್ಷದ ನಿಲುವಲ್ಲ ಅಂತ ದೂರ ನಿಂತಿತು. ಬಿಜೆಪಿ ಪ್ರಚಾರದ ಉದ್ದಕ್ಕೂ ಅದನ್ನೇ ಹಿಡೀತು. ಅಮೆರಿಕದಲ್ಲಿ ನಿಜವಾಗಿ ಇರೋದು ಏನು? ಆ ವರ್ಷ ಅಲ್ಲಿ ಕೇಂದ್ರದ ಎಸ್ಟೇಟ್ ತೆರಿಗೆ ಶುರುವಾಗ್ತಿದ್ದದ್ದೇ 1.36 ಕೋಟಿ ಡಾಲರ್ ದಾಟಿದ ಮೇಲೆ. ನಮ್ಮ ದುಡ್ಡಲ್ಲಿ ನೂರು ಕೋಟಿಗೂ ಜಾಸ್ತಿ. ಗರಿಷ್ಠ ದರ ಶೇ 40. ಈ ಎರಡು ಸಾಲು ಯಾವ ಫಾರ್ವರ್ಡ್‌ನಲ್ಲೂ ಬರಲಿಲ್ಲ.

ಮೇ 7ಕ್ಕೆ ದಾವಣಗೆರೆಯಲ್ಲಿ ಮತದಾನ. ನಮ್ಮ ಕ್ಷೇತ್ರದ ಮುಖ್ಯ ಅಭ್ಯರ್ಥಿಗಳು ಇಬ್ಬರೂ ಹೆಸರಾಂತ ರಾಜಕೀಯ ಮನೆತನದವರು. ಕಾಂಗ್ರೆಸ್‌ನಿಂದ ಪ್ರಭಾ ಮಲ್ಲಿಕಾರ್ಜುನ್, ಶಾಮನೂರು ಶಿವಶಂಕರಪ್ಪನವರ ಸೊಸೆ. ಬಿಜೆಪಿಯಿಂದ ಗಾಯಿತ್ರಿ ಸಿದ್ದೇಶ್ವರ, ನಾಲ್ಕು ಸಲ ಸಂಸದರಾಗಿದ್ದ ಜಿ.ಎಂ. ಸಿದ್ದೇಶ್ವರ ಅವರ ಪತ್ನಿ. ಸಿದ್ದೇಶ್ವರ ಅವರ ತಂದೆ ಮಲ್ಲಿಕಾರ್ಜುನಪ್ಪನವರೂ ಇಲ್ಲಿಂದ ಸಂಸದರಾಗಿದ್ದವರು. ಪ್ರಭಾ ಅವರು ಗೆದ್ದರು. ಇದರಲ್ಲಿ ತಪ್ಪು ಹುಡುಕೋದು ನನ್ನ ಉದ್ದೇಶ ಅಲ್ಲ, ಮತ ಹಾಕಿದ್ದು ನಾವೇ. ನಾನು ಹೇಳೋದು ಇಷ್ಟೇ: ಬಳುವಳಿಯ ಬಗ್ಗೆ ದೇಶವೇ ಕೂಗಾಡ್ತಿದ್ದ ಆ ಎರಡು ವಾರದಲ್ಲಿ, ಎರಡೂ ಪಕ್ಷ ಒಪ್ಪಿದ ಒಂದೇ ವಿಷಯ ಅಂದ್ರೆ ಇದರ ಮೇಲೆ ತೆರಿಗೆ ಬೇಡ ಅನ್ನೋದು. ಇಬ್ಬರೂ ಒಪ್ಪಿದ್ದನ್ನ ಕೇಳೋರು ಯಾರು? ಅದಕ್ಕೇ ನಾವಾದ್ರೂ ಕೇಳೋಣ.

ಸರಿ, ಈಗ ವಿರೋಧದ ವಾದಗಳು. ಇವನ್ನ ಹಗುರವಾಗಿ ತಗೊಳ್ಳಲ್ಲ, ಇವುಗಳಲ್ಲಿ ಹುರುಳಿದೆ.

ಮೊದಲನೇದು, ‘ನಮ್ಮಪ್ಪ ಒಂದು ಸಲ ತೆರಿಗೆ ಕಟ್ಟಿ ಉಳಿಸಿದ ದುಡ್ಡು. ಅದಕ್ಕೆ ಮತ್ತೆ ಯಾಕೆ?’ ಸಂಬಳದಿಂದ ಉಳಿಸಿದ ದುಡ್ಡಾದ್ರೆ ಈ ಮಾತು ಬಹುಪಾಲು ಸರಿ. ಆದ್ರೆ ದಾವಣಗೆರೆಯಿಂದ ಹರಿಹರಕ್ಕೆ ಹಳೇ ಪಿ.ಬಿ. ರಸ್ತೆಯಲ್ಲಿ ಒಂದು ಸಲ ಹೋಗಿ ನೋಡಿ. ಹದಿನಾಲ್ಕು ಕಿಲೋಮೀಟರ್ ಅಷ್ಟೇ. ಒಂದು ಕಾಲಕ್ಕೆ ಭತ್ತದ ಗದ್ದೆ ಇದ್ದ ಕಡೆ ಈಗ ಲೇಔಟು, ಶೋರೂಮು, ಕಲ್ಯಾಣ ಮಂಟಪ. ಎಕರೆ ಲೆಕ್ಕದಲ್ಲಿದ್ದ ಬೆಲೆ ಅಡಿ ಲೆಕ್ಕಕ್ಕೆ ಬಂತು. ಈ ಬೆಲೆ ಏರಿಸಿದ್ದು ಯಾರು? ಭದ್ರಾ ನಾಲೆ ನೀರು ತಂದಿದ್ದು ಸರ್ಕಾರದ ದುಡ್ಡು. 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾಗಿ ದಾವಣಗೆರೆ ಜಿಲ್ಲೆಯಾಯ್ತು, ಕಚೇರಿಗಳು ಬಂದವು. ಹೆದ್ದಾರಿ ಅಗಲ ಆಯ್ತು. 2009ರಲ್ಲಿ ವಿಶ್ವವಿದ್ಯಾಲಯ ಬಂತು. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಯಲ್ಲೇ ನಮ್ಮೂರು ಬಂತು. ಇದಕ್ಕೆಲ್ಲ ದುಡ್ಡು ಕೊಟ್ಟವರಲ್ಲಿ ನೀವೂ ಇದ್ದೀರಿ. 299 ರೂಪಾಯಿ ರೀಚಾರ್ಜ್ ಮಾಡಿಸಿದ್ರೆ ಅದರಲ್ಲಿ ಸುಮಾರು 45 ರೂಪಾಯಿ ಜಿಎಸ್‌ಟಿ. ಕೂಲಿಯವರ ಮಗಳೂ ಅಷ್ಟೇ ಕಟ್ತಾಳೆ, ಬಿಲ್ಡಿಂಗ್ ಮಾಲೀಕರ ಮಗನೂ ಅಷ್ಟೇ ಕಟ್ತಾನೆ. ಎಲ್ಲರ ದುಡ್ಡಿಂದ ಏರಿದ ಬೆಲೆ ಕೆಲವರ ಮನೆಗೆ ಮಾತ್ರ ಹೋಗುತ್ತೆ, ಮಾರೋವರೆಗೂ ಆ ಏರಿಕೆಗೆ ಒಂದು ಸಲವೂ ತೆರಿಗೆ ಬಿದ್ದಿರಲ್ಲ. ‘ಎರಡು ಸಲ ತೆರಿಗೆ’ ಅನ್ನೋ ವಾದ ಇಲ್ಲಿ ನಿಲ್ಲಲ್ಲ.

ಎರಡನೇದು ಹೆಚ್ಚು ಗಟ್ಟಿ. ‘ತೆರಿಗೆ ಕಟ್ಟೋಕೆ ಮನೆ ಮಾರಬೇಕಾಗುತ್ತೆ.’ ಬೆಲೆ ಕಾಗದದ ಮೇಲಿರುತ್ತೆ, ಕೈಯಲ್ಲಿ ದುಡ್ಡಿರಲ್ಲ. ಈ ಭಯ ಸುಳ್ಳಲ್ಲ. ಬ್ರಿಟನ್‌ನಲ್ಲಿ 3,25,000 ಪೌಂಡ್ ದಾಟಿದ್ದರ ಮೇಲೆ ಶೇ 40 ತೆರಿಗೆ ಇದೆ. ಮಕ್ಕಳಿಗೆ ಮನೆ ಬಿಟ್ಟರೆ ಸ್ವಲ್ಪ ಹೆಚ್ಚುವರಿ ವಿನಾಯಿತಿ ಉಂಟು, ಆದ್ರೆ ಆ ಮೂಲ ಮಿತಿಯನ್ನ 2009ರಿಂದ ಏರಿಸಿಯೇ ಇಲ್ಲ. ಮನೆ ಬೆಲೆ ಏರಿದ ಹಾಗೆ ಮಧ್ಯಮ ವರ್ಗದವರೂ ಸಿಕ್ಕಿಕೊಳ್ತಿದ್ದಾರೆ. ಕೃಷಿ ಆಸ್ತಿಗಿದ್ದ ವಿನಾಯಿತಿ ಕಡಿಮೆ ಮಾಡ್ತೀವಿ ಅಂದಾಗ 2024ರ ನವೆಂಬರ್‌ನಲ್ಲಿ ರೈತರು ಲಂಡನ್ನಿನ ಬೀದಿಗೆ ಬಂದ್ರು. ಹಾಗಾಗಿ ಮಿತಿ ಎಲ್ಲಿಡ್ತೀವಿ ಅನ್ನೋದೇ ಇಡೀ ವಿಷಯದ ಜೀವ. ಮಿತಿ ಕೆಳಗಿಟ್ಟರೆ ಇದು ಮೇಷ್ಟ್ರ ಮನೆಗೆ ತೆರಿಗೆ ಆಗುತ್ತೆ. ಮೇಲಿಟ್ಟರೆ ಮಾತ್ರ ಶ್ರೀಮಂತರ ತೆರಿಗೆ.

ಮೂರನೇದು ರೈತರದು. ಇಲ್ಲಿ ಒಂದು ಕಾನೂನಿನ ವಿಷಯ ತಿಳ್ಕೊಳ್ಳಿ. ಸಂವಿಧಾನದ ಏಳನೇ ಅನುಸೂಚಿ ಪ್ರಕಾರ ಕೃಷಿ ಜಮೀನಿನ ಎಸ್ಟೇಟ್ ಡ್ಯೂಟಿ ರಾಜ್ಯ ಪಟ್ಟಿಯಲ್ಲಿದೆ, ಉಳಿದ ಆಸ್ತಿಯದು ಕೇಂದ್ರ ಪಟ್ಟಿಯಲ್ಲಿದೆ. ದಿಲ್ಲಿಯವರು ತಾವಾಗಿಯೇ ಮಲೇಬೆನ್ನೂರಿನ ಗದ್ದೆಗೋ ಚನ್ನಗಿರಿಯ ಅಡಿಕೆ ತೋಟಕ್ಕೋ ಇದನ್ನ ಹಾಕೋಕಾಗಲ್ಲ. ಹಾಕಬೇಕಾದ್ರೆ ನಮ್ಮ ವಿಧಾನಸಭೆಯೇ ಮನಸ್ಸು ಮಾಡಬೇಕು. ಎರಡೆಕರೆ ಗದ್ದೆಯವರನ್ನ ಹೆದರಿಸೋದು ಬರೀ ರಾಜಕೀಯ. ಆದ್ರೆ ಇದರ ಇನ್ನೊಂದು ಮುಖವೂ ಇದೆ. ಕೃಷಿ ಜಮೀನು ಹೊರಗಿದ್ರೆ, ದುಡ್ಡಿರೋರು ಜಮೀನು ಕೊಂಡು ಅಲ್ಲಿ ಅಡಗಿಸ್ತಾರೆ. ಅದನ್ನ ತಡೆಯೋಕೆ ಕೇಂದ್ರ, ರಾಜ್ಯ ಎರಡೂ ಕೂತು ಮಾತಾಡಬೇಕು. ಸುಲಭ ಅಂತ ನಾನು ಹೇಳಲ್ಲ.

ನಾಲ್ಕನೇದು ನಮ್ಮೂರಿನದೇ ವಾದ. ಮಂಡಿಪೇಟೆಯಲ್ಲಿ ದಲಾಲಿ ಅಂಗಡಿ ಇರೋ ಸ್ನೇಹಿತನೊಬ್ಬ ನನಗೆ ಹೇಳಿದ್ದು: ‘ನಮ್ಮೂರ ಸಾಹುಕಾರರು ತೆರಿಗೆ ಇಲ್ಲದೇನೇ ಕೊಟ್ಟಾರಪ್ಪ. ಆಸ್ಪತ್ರೆ ಯಾರು ಕಟ್ಟಿಸಿದ್ದು? ಕಾಲೇಜು ಯಾರು ಕಟ್ಟಿಸಿದ್ದು?’ ಇದಕ್ಕೆ ತಕ್ಷಣ ಉತ್ತರ ಕೊಡೋದು ಕಷ್ಟ. ನಮ್ಮ ಜಿಲ್ಲಾಸ್ಪತ್ರೆಗೆ ಚಿಗಟೇರಿ ಅನ್ನೋ ಹೆಸರಿದೆ. ಡಿಆರ್‌ಎಂ ಕಾಲೇಜಿನ ‘ಆರ್’ ಅಂದ್ರೆ ರಾಜನಹಳ್ಳಿ. ಹತ್ತಿ ಗಿರಣಿಗಳ ಕಾಲದಲ್ಲಿ ಈ ಊರು ಕರ್ನಾಟಕದ ಮ್ಯಾಂಚೆಸ್ಟರ್ ಅನಿಸಿಕೊಂಡಿತ್ತು. ಆಗಿನ ವ್ಯಾಪಾರಿ ಮನೆತನಗಳ ದುಡ್ಡು ಹಾಸ್ಟೆಲ್, ಛತ್ರ, ಶಾಲೆಗಳಾಗಿ ನಿಂತಿದೆ. ಅಲ್ಲಿ ಓದಿದವರು, ಅಲ್ಲಿ ಚಿಕಿತ್ಸೆ ಪಡೆದವರು ನಮ್ಮೆಲ್ಲರ ಮನೆಯಲ್ಲೂ ಇದ್ದಾರೆ. ದಾಸೋಹ ಅನ್ನೋದು ಈ ನೆಲದಲ್ಲಿ ಬರೀ ಮಾತಲ್ಲ.

ಆದ್ರೆ ಯೋಚನೆ ಮಾಡಿ. ದಾನ ಕೊಡೋರ ಮನಸ್ಸು. ಎಷ್ಟು, ಯಾರಿಗೆ, ಯಾವಾಗ ಅನ್ನೋದು ಅವರಿಷ್ಟ. ಪಡೆದವರು ಕೈಮುಗೀಬೇಕು. ತೆರಿಗೆಯಿಂದ ನಡೆಯೋ ಆಸ್ಪತ್ರೆಯಲ್ಲಿ ರೋಗಿ ಯಾರಿಗೂ ಕೈಮುಗಿಯೋ ಹಂಗಿಲ್ಲ, ಅದು ಅವನ ಹಕ್ಕು. ಎರಡೂ ಇರಲಿ. ಒಳ್ಳೆ ಉದ್ದೇಶಕ್ಕೆ ಬಿಟ್ಟುಹೋದ ದುಡ್ಡಿಗೆ ವಿನಾಯಿತಿ ಕೊಡಲಿ. ಆದ್ರೆ ಟ್ರಸ್ಟಿನ ಅಧ್ಯಕ್ಷ ಮಗ, ಕಾರ್ಯದರ್ಶಿ ಸೊಸೆ, ಖಜಾಂಚಿ ಅಳಿಯ ಅಂತಾದ್ರೆ ಅದನ್ನ ದಾನ ಅಂತ ಕರೆಯೋ ಮುಂಚೆ ಲೆಕ್ಕಪತ್ರ ನೋಡಬೇಕು. ಇದೇ ನೆಲ ನಮಗೆ ಕಾಯಕ ಅನ್ನೋ ಮಾತನ್ನೂ ಕೊಟ್ಟಿದೆ. ದುಡಿಮೆಯ ಮೇಲೆ ತೆರಿಗೆ, ದುಡಿಯದೇ ಬಂದಿದ್ದಕ್ಕೆ ರಿಯಾಯಿತಿ ಅನ್ನೋದು ಆ ಮಾತಿಗೆ ಹೊಂದಲ್ಲ.

ಕಾಯಕ ಅಂದಾಗ ಹರಿಹರದ ಒಬ್ಬ ಹಿರಿಯರ ಮಾತು ಹೇಳಲೇಬೇಕು. ನಿಮಗೆ ಗೊತ್ತಲ್ಲ, 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯ್ತು. ಇಲ್ಲಿನ ಲೇತ್ ಮಷೀನುಗಳಿಗೆ ದೇಶದಲ್ಲೆಲ್ಲ ಹೆಸರಿತ್ತು. ಈ ಶತಮಾನದ ಶುರುವಿನಲ್ಲಿ ಕಾರ್ಖಾನೆ ಮುಚ್ಚಿತು. ಲೇತ್ ಕೆಲಸ ಮಾಡಿ ಜೀವನ ಸವೆಸಿದ ಒಬ್ಬರ ಹತ್ರ ಈ ಸಂಚಿಕೆ ಬಗ್ಗೆ ಮಾತಾಡ್ತಿದ್ದೆ. ಅವರು ಹೇಳಿದ್ದು: ‘ತಮ್ಮಾ, ನಮ್ಮಪ್ಪ ನನಗೆ ಬಿಟ್ಟಿದ್ದು ಒಂದು ಸೈಕಲ್ಲು. ನಾನು ನನ್ನ ಮಗನಿಗೆ ಬಿಟ್ಟಿರೋದು ಮೈಕ್ರೋಮೀಟರ್ ಹಿಡಿಯೋ ಕೈ. ಅದಕ್ಕೂ ಟ್ಯಾಕ್ಸ್ ಹಾಕ್ತಾರೇನು ಮತ್ತೆ?’

ನಾನು ನಕ್ಕೆ. ಮನೆಗೆ ಬಂದ ಮೇಲೆ ಹೊಳೀತು, ಹಾಕ್ತಾರಲ್ಲ! ಆ ಕೈಯಿಂದ ಮಗ ಚೆನ್ನಾಗಿ ದುಡಿದ್ರೆ ಪ್ರತಿ ತಿಂಗಳು ಸಂಬಳದಲ್ಲೇ ಹಿಡೀತಾರೆ. ಅಪ್ಪ ಕಲಿಸಿದ ಕೆಲಸದಿಂದ ಬಂದ ದುಡ್ಡಿಗೆ ನಿವೃತ್ತಿ ತನಕ ತೆರಿಗೆ. ಅಪ್ಪ ಬಿಟ್ಟುಹೋದ ಸೈಟಿಗೆ, ಅದು ಕೈಗೆ ಬರೋ ದಿನ, ಏನೂ ಇಲ್ಲ. ನ್ಯಾಯದ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ಈಗಿರೋದು ನ್ಯಾಯ ಅಲ್ಲ.

ಇನ್ನು ಎರಡನೇ ಪ್ರಶ್ನೆ, ಉಪಯೋಗ ಇದೆಯಾ? ವರ್ಷ ವರ್ಷ ಕಟ್ಟೋ ಸಂಪತ್ತು ತೆರಿಗೆ ಬಗ್ಗೆ ನನಗೆ ಅನುಮಾನ ಇದೆ. ಪ್ರತಿ ವರ್ಷ ಎಲ್ಲದಕ್ಕೂ ಬೆಲೆ ಕಟ್ಟಬೇಕು, ಪ್ರತಿ ವರ್ಷ ಜಗಳ. ಸ್ವೀಡನ್ 2004ರಲ್ಲಿ ಪಿತ್ರಾರ್ಜಿತ ತೆರಿಗೆ, 2007ರಲ್ಲಿ ಸಂಪತ್ತು ತೆರಿಗೆ ಎರಡನ್ನೂ ಕೈಬಿಟ್ಟಿತು. ನಾರ್ವೆ ಇಟ್ಟುಕೊಂಡಿದೆ, ಆದ್ರೆ ದರ ಏರಿಸಿದ ಮೇಲೆ ಕೆಲವು ದೊಡ್ಡ ಶ್ರೀಮಂತರು ಸ್ವಿಟ್ಜರ್ಲೆಂಡ್‌ಗೆ ಮನೆ ಬದಲಾಯಿಸಿದ್ರು. ಪಿತ್ರಾರ್ಜಿತದ ತೆರಿಗೆ ಹಾಗಲ್ಲ, ಒಂದು ತಲೆಮಾರಿಗೆ ಒಂದೇ ಸಲ. ಬೆಲೆ ಕಟ್ಟೋದೂ ಒಂದೇ ಸಲ.

ಥಾಮಸ್ ಪಿಕೆಟ್ಟಿ ಮತ್ತಿತರ ಅರ್ಥಶಾಸ್ತ್ರಜ್ಞರು 2024ರಲ್ಲಿ ಭಾರತದ ಬಗ್ಗೆ ಒಂದು ಲೆಕ್ಕ ಮುಂದಿಟ್ಟರು. ಅವರ ಪ್ರಕಾರ 2022–23ರಲ್ಲಿ ದೇಶದ ಸಂಪತ್ತಿನ ಶೇ 40.1ರಷ್ಟು ಮೇಲಿನ ಶೇ 1ರಷ್ಟು ಜನರ ಕೈಲಿತ್ತು. 10 ಕೋಟಿ ದಾಟಿದ ಸಂಪತ್ತಿಗೆ ವರ್ಷಕ್ಕೆ ಶೇ 2, 10 ಕೋಟಿ ದಾಟಿದ ಬಳುವಳಿಗೆ ಶೇ 33 ಹಾಕಿದ್ರೆ ಜಿಡಿಪಿಯ ಶೇ 2.73ರಷ್ಟು ಬರಬಹುದು, ವಯಸ್ಕರಲ್ಲಿ ಶೇ 99.96ರಷ್ಟು ಜನಕ್ಕೆ ಇದು ತಾಗೋದೇ ಇಲ್ಲ ಅಂದ್ರು. ಹತ್ತು ಸಾವಿರ ಜನರಲ್ಲಿ ನಾಲ್ಕು ಜನ. ಬರೋ ಮೊತ್ತದ ಅಂದಾಜು ನನಗೆ ಜಾಸ್ತಿ ಅನಿಸುತ್ತೆ, ತಪ್ಪಿಸಿಕೊಳ್ಳೋ ದಾರಿ ಹುಡುಕೋದರಲ್ಲಿ ನಾವು ನಿಸ್ಸೀಮರು. ಆದ್ರೆ 1985ಕ್ಕೂ ಈಗಕ್ಕೂ ಒಂದು ವ್ಯತ್ಯಾಸ ಇದೆ. ಆಗ ಷೇರು ಅಂದ್ರೆ ಬೀರುವಿನಲ್ಲಿಟ್ಟ ಕಾಗದ. ಈಗ ಡಿಮ್ಯಾಟ್, ಪ್ಯಾನ್, ಕಾವೇರಿ ತಂತ್ರಾಂಶದಲ್ಲಿ ನೋಂದಣಿ, ಇ-ಖಾತಾ. ನಿಮ್ಮ ಮ್ಯೂಚುವಲ್ ಫಂಡ್ ಡಿವಿಡೆಂಡ್ ಎಷ್ಟು ಅಂತ ನಿಮಗಿಂತ ಮುಂಚೆ ಇಲಾಖೆಗೆ ಗೊತ್ತಿರುತ್ತೆ. ನಮ್ಮನ್ನ ಇಷ್ಟು ಚೆನ್ನಾಗಿ ನೋಡೋ ಕಣ್ಣು ದೊಡ್ಡವರನ್ನೂ ನೋಡಬಹುದಲ್ವಾ?

ಈಗ ನನ್ನ ಸಲಹೆ. ತೆರಿಗೆಯನ್ನ ಸತ್ತವರ ಆಸ್ತಿಯ ಮೇಲೆ ಹಾಕಬೇಡಿ, ಪಡೆದವರ ಪಾಲಿನ ಮೇಲೆ ಹಾಕಿ. ಜರ್ಮನಿ, ಐರ್ಲೆಂಡ್‌ನಲ್ಲಿ ಹೀಗೇ ಇದೆ, ಒಬ್ಬೊಬ್ಬ ವಾರಸುದಾರರಿಗೂ ಪ್ರತ್ಯೇಕ ವಿನಾಯಿತಿ. ನಮ್ಮಲ್ಲಿ ತಲಾ 10 ಕೋಟಿ ತನಕ ಏನೂ ಬೇಡ. ಅದರ ಮೇಲಿನದಕ್ಕೆ ಶೇ 10ರಿಂದ ಶುರುವಾಗಲಿ. ಕಟ್ಟೋಕೆ ಹತ್ತು ವರ್ಷದ ಕಂತು ಕೊಡಲಿ, ಅಂಗಡಿ, ಕಾರ್ಖಾನೆ ಮಾರೋ ಹಾಗಾಗಬಾರದು. ಬೆಲೆ ಏರಿಕೆಗೆ ತಕ್ಕ ಹಾಗೆ ಮಿತಿಯೂ ಏರಲಿ, ಬ್ರಿಟನ್ ಕಥೆ ಆಗೋದು ಬೇಡ.

ಪಾಲಿನ ಮೇಲೆ ಯಾಕೆ ಅಂತ ಒಂದು ಲೆಕ್ಕದಲ್ಲಿ ಹೇಳ್ತೀನಿ. 24 ಕೋಟಿ ಆಸ್ತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ನಮ್ಮ ಕಡೆ ಸಾಮಾನ್ಯವಾಗಿ ಏನಾಗುತ್ತೆ? ತಂದೆ ತೀರಿಕೊಂಡ ಕೆಲವೇ ತಿಂಗಳಿಗೆ ಮಗಳನ್ನ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರೀತಾರೆ. ಹಕ್ಕು ಬಿಡುಗಡೆ ಪತ್ರ. ಒಂದು ರೇಷ್ಮೆ ಸೀರೆ, ಅರಿಶಿನ ಕುಂಕುಮ, ‘ತವರುಮನೆ ಬಾಗಿಲು ಯಾವಾಗ್ಲೂ ತೆಗೆದಿರುತ್ತೆ ತಂಗಿ’ ಅನ್ನೋ ಮಾತು. ಆಕೆ ಸಹಿ ಹಾಕ್ತಾಳೆ. ಕಾನೂನು ಯಾವಾಗಲೋ ಬದಲಾಗಿದೆ. ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿತು, 2005ರಲ್ಲಿ ದೇಶಕ್ಕೆಲ್ಲ ಬಂತು, ಮಗಳಿಗೆ ಹುಟ್ಟಿನಿಂದಲೇ ಹಕ್ಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಆದ್ರೂ ಆ ಸಹಿ ನಿಂತಿಲ್ಲ.

ಈಗ ನನ್ನ ತೆರಿಗೆ ಹಾಕಿ ನೋಡಿ. ಇಬ್ಬರು ಅಣ್ಣಂದಿರೇ ಹಂಚಿಕೊಂಡ್ರೆ ತಲಾ 12 ಕೋಟಿ. ಹತ್ತು ದಾಟಿದ ಎರಡು ಕೋಟಿಗೆ ಶೇ 10, ಅಂದ್ರೆ ಒಬ್ಬೊಬ್ಬರೂ 20 ಲಕ್ಷ ಕಟ್ಟಬೇಕು. ತಂಗಿಗೂ ಸಮಪಾಲು ಕೊಟ್ಟರೆ ತಲಾ ಎಂಟು ಕೋಟಿ. ತೆರಿಗೆ ಸೊನ್ನೆ. ಆಗ ಮನೆಯ ಆಡಿಟರೇ ಹೇಳ್ತಾರೆ, ‘ಯಜಮಾನ್ರೆ, ಮಗಳ ಹೆಸರು ಸೇರಿಸಿ’ ಅಂತ. ಹೆಸರಿಗೆ ಮಾತ್ರ ಸೇರಿಸಿ, ಹಿಡಿತ ಅಣ್ಣಂದಿರೇ ಇಟ್ಟುಕೊಳ್ಳೋದೂ ನಡೆಯುತ್ತೆ, ಗೊತ್ತು. ಆದ್ರೆ ಕಾಗದದಲ್ಲಿ ಹೆಸರು ಇದ್ದವಳು ನಾಳೆ ಕೇಳಬಹುದು. ಬಿಡುಗಡೆ ಪತ್ರಕ್ಕೆ ಸಹಿ ಹಾಕಿದವಳಿಗೆ ಕೇಳೋಕೆ ಏನು ಉಳಿದಿರುತ್ತೆ? ಸರ್ಕಾರಕ್ಕೆ ದುಡ್ಡು ಕಮ್ಮಿ ಬರುತ್ತಲ್ಲ ಅಂದ್ರೆ, ಬರಲಿ ಬಿಡಿ. ಆಸ್ತಿ ಹಂಚಿಹೋಗಬೇಕು ಅನ್ನೋದೇ ಈ ತೆರಿಗೆಯ ಮೊದಲ ಕೆಲಸ. ನೂರಾರು, ಸಾವಿರಾರು ಕೋಟಿಯವರು ಎಷ್ಟು ಹಂಚಿದ್ರೂ ಮಿತಿ ದಾಟ್ತಾರೆ. ಖಜಾನೆಗೆ ಅಲ್ಲಿಂದ ಬರುತ್ತೆ.

ಕೊನೇದಾಗಿ, ‘ಕೊಟ್ಟ ದುಡ್ಡನ್ನ ಸರ್ಕಾರ ತಿಂದುಹಾಕುತ್ತೆ’ ಅನ್ನೋರಿಗೆ. ಆ ಸಿಟ್ಟು ನನಗೂ ಇದೆ. ಆದ್ರೆ ನಿಮ್ಮ ರೀಚಾರ್ಜಿನ 45 ರೂಪಾಯಿಯೂ ಅದೇ ಖಜಾನೆಗೆ ಹೋಗೋದು. ಅದಕ್ಕಿಲ್ಲದ ಆಕ್ಷೇಪ ಇದಕ್ಕೆ ಮಾತ್ರ ಯಾಕೆ? ಖಜಾನೆಗೆ ತೂತಿದ್ರೆ ತೂತು ಮುಚ್ಚೋಣ. ಅಲ್ಲಿತನಕ ತುಂಬೋ ಕೆಲಸ ನಮ್ಮದು ಮಾತ್ರ, ಅವರದಲ್ಲ ಅನ್ನೋದು ಸರಿಯಾಗಲ್ಲ.

ಮುಂದಿನ ಚುನಾವಣೆಗೆ ಇದೇ ವಿಷಯದ ಫಾರ್ವರ್ಡ್ ಮತ್ತೆ ಬರುತ್ತೆ. ಬಂದಾಗ ಎರಡೇ ಪ್ರಶ್ನೆ ಕೇಳಿ. ಮಿತಿ ಎಷ್ಟು? ಯಾರ ಮೇಲೆ? ಈ ಎರಡು ಅಂಕಿ ಇಲ್ಲದ ಮೆಸೇಜನ್ನ, ಪರವಾಗಿರಲಿ ವಿರೋಧವಾಗಿರಲಿ, ಮುಂದೆ ಕಳಿಸಬೇಡಿ.

ನಿಮ್ಮ ಅಭಿಪ್ರಾಯ ವಾಯ್ಸ್ ನೋಟ್‌ನಲ್ಲಿ ಕಳಿಸಿ, ಒಂದು ನಿಮಿಷದೊಳಗಿರಲಿ. ನನ್ನ ಮಾತು ಒಪ್ಪದವರಿಗೆ ಮೊದಲ ಅವಕಾಶ. ಮುಖ್ಯವಾಗಿ, ಆ ಬಿಡುಗಡೆ ಪತ್ರಕ್ಕೆ ಸಹಿ ಹಾಕಿರೋ ಅಕ್ಕ-ತಂಗಿಯರು ಯಾರಾದ್ರೂ ಕೇಳ್ತಿದ್ರೆ, ದಯವಿಟ್ಟು ಮಾತಾಡಿ. ಹೆಸರು ಹೇಳಲ್ಲ. ಮುಂದಿನ ಸಂಚಿಕೆ ನಿಮ್ಮದೇ. ಸಿಗೋಣ, ನಮಸ್ಕಾರ.